ಮಡಿಸಿದ ಒಂದು ಬಟ್ಟೆಗೂ ಮನವಿಪತ್ರ ಬೇಕಾ ಅಂದವರಿಗೆ



ಉದ್ದದ ಪೋಸ್ಟ್ ಇದು. ಅರ್ಧಕ್ಕೆ ಬಿಟ್ಟು ಲೈಕ್ ಒತ್ತಿ ಹೋಗಬೇಡಿ. ಪೂರ್ತಿ ಓದಿ, ಜಗಳ ಇದ್ದರೆ ಆಮೇಲೆ ಆಡೋಣ.

ಹೋದ ಭಾನುವಾರ ನಮ್ಮ ತಾಲೂಕು ಸಭೆ ಇತ್ತು. ಸರ್ಕಾರಿ ಆಸ್ಪತ್ರೆ ಬಗ್ಗೆ ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬೇಕಾದ ಮನವಿಪತ್ರದ ಕರಡು ಓದ್ತಾ ಇದ್ದರು. ಖಾಲಿ ಇರೋ ಡಾಕ್ಟರ್ ಹುದ್ದೆ ತುಂಬಬೇಕು, ರಾತ್ರಿ ಆಂಬುಲೆನ್ಸ್ ಬೇಕು, ಶವಾಗಾರದ ಫ್ರೀಜರ್ ರಿಪೇರಿ ಆಗಬೇಕು, ಹೊರಗುತ್ತಿಗೆ ನೌಕರರ ಬಾಕಿ ಸಂಬಳ ಕೊಡಬೇಕು. ಎಲ್ಲವೂ ಬೇಕಾದದ್ದೇ, ನನಗೇನೂ ತಕರಾರಿಲ್ಲ. ನಾನು ಎದ್ದು ನಿಂತು, ಇನ್ನೊಂದು ಸೇರಿಸಿ ಅಂದೆ. ಸಿಸೇರಿಯನ್ ಮಾಡುವಾಗ ತಾಯಿಯನ್ನು ಟೇಬಲ್ ಮೇಲೆ ಚಪ್ಪಟೆಯಾಗಿ ಅಂಗಾತ ಮಲಗಿಸಬಾರದು. ಬಲ ಸೊಂಟದ ಕೆಳಗೆ ಮಡಿಸಿದ ಬಟ್ಟೆ ಇಟ್ಟು ಹೊಟ್ಟೆಯನ್ನು ಎಡಕ್ಕೆ ವಾಲಿಸಬೇಕು. ಅವಳ ಕೈ ಕಟ್ಟಬಾರದು.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ನಕ್ಕರು.

"ಅಕ್ಕಾ, ಭೂಮಿ, ಮೀಸಲಾತಿ, ಅಟ್ರಾಸಿಟಿ ಕೇಸು ಎಲ್ಲಾ ಬಿಟ್ಟು ಈಗ ಟೇಬಲ್ ಮೇಲೆ ಹೆಂಗೆ ಮಲಗಿಸ್ತಾರೆ ಅಂತ ಹೋರಾಟ ಮಾಡೋದಾ? ಮಡಿಸಿದ ಬಟ್ಟೆಗೂ ಒಂದು ಮನವಿಪತ್ರ ಬೇಕಾ?" ಅಂದ ಒಬ್ಬ ತಮ್ಮ. ನಾನು ತುಂಬಾ ಗೌರವಿಸೋ ಹಿರಿಯರೊಬ್ಬರು ಮೆತ್ತಗೆ ಹೇಳಿದರು: "ಅದು ಡಾಕ್ಟರಿಕೆ ವಿಷಯ ಕಣಮ್ಮ. ಸಂಘಟನೆ ವಿಷಯ ಅಲ್ಲ." ಸಭೆಯಲ್ಲಿ ನಾವು ಹೆಂಗಸರು ಐದು ಜನ ಇದ್ದೆವು. ಐದರಲ್ಲಿ ಮೂವರ ಹೊಟ್ಟೆ ಮೇಲೆ ಆ ಗೀರು ಇದೆ. ಆ ಮೂವರೂ ನಗಲಿಲ್ಲ. ಆದರೆ ಮಾತೂ ಆಡಲಿಲ್ಲ. ನಾನೂ ಕೂತುಬಿಟ್ಟೆ.

ಕೂತದ್ದು ತಪ್ಪು. ಅವತ್ತು ಆಡದೇ ಉಳಿದ ಮಾತನ್ನು ಇಲ್ಲಿ ಆಡ್ತಾ ಇದ್ದೀನಿ.

ಮೊದಲು ಗಂಡಸರಿಗೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಬಸುರಿ ಇದ್ದಾಗ ಅಜ್ಜಿ, ಅತ್ತೆ, ಆಶಾ ಕಾರ್ಯಕರ್ತೆ, ನರ್ಸಮ್ಮ ಎಲ್ಲರೂ ಹೇಳೋ ಒಂದು ಮಾತು ಯಾವುದು? "ಎಡ ಮಗ್ಗುಲಾಗಿ ಮಲಗು." ನೀವೂ ಹೇಳಿರ್ತೀರಿ. ಯಾಕೆ ಅಂತ ಗೊತ್ತಿಲ್ಲದಿದ್ದರೂ ಹೇಳಿರ್ತೀರಿ. ದಿನ ತುಂಬ್ತಾ ಬಂದ ಹಾಗೆ ಅಂಗಾತ ಮಲಗಿದರೆ ಉಸಿರು ಕಟ್ಟಿದ ಹಾಗೆ ಆಗುತ್ತೆ, ತಲೆ ಸುತ್ತುತ್ತೆ ಅಂತ ಬಸುರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳ ಮೈಯೇ ಹೇಳುತ್ತೆ. ತಿಂಗಳುಗಟ್ಟಲೆ ಎಡ ಮಗ್ಗುಲು, ಎಡ ಮಗ್ಗುಲು ಅಂತ ಹೇಳಿಸಿಕೊಂಡ ಆ ಹೆಂಗಸನ್ನು ಕೊನೆಯ ದಿನ, ಅತಿ ಮುಖ್ಯವಾದ ಅರ್ಧ ಗಂಟೆ, ಹಲಗೆ ಥರ ಚಪ್ಪಟೆ ಮಲಗಿಸಿ ಎರಡೂ ಕೈ ಚಾಚಿಸಿ ಕಟ್ಟಿಹಾಕಿದರೆ ಅವಳಿಗೆ ಏನಾಗಬೇಕು?

ನನಗೆ ಏನಾಯ್ತು ಅಂತ ಹೇಳ್ತೀನಿ. ಇದುವರೆಗೂ ಎಲ್ಲೂ ಬರೆದಿಲ್ಲ.

2016ರ ಮಳೆಗಾಲ. ಒಂದು ಸರ್ಕಾರಿ ಆಸ್ಪತ್ರೆ. ಹೆಸರು ಬೇಡ, ಅಲ್ಲಿ ಒಳ್ಳೆಯವರೂ ಇದ್ದರು. ರಾತ್ರಿಯೆಲ್ಲಾ ನೋವು ತಿಂದಿದ್ದೆ. "ಗಂಡನ ಜೊತೆ ಮಲಗುವಾಗ ಕೂಗಿದ್ಯಾ, ಈಗ ಯಾಕೆ ಕೂಗ್ತೀಯಾ" ಅನ್ನೋದನ್ನೂ ಕೇಳಿಸಿಕೊಂಡಿದ್ದೆ. ಬೆಳಿಗ್ಗೆ ಮಗುವಿನ ಎದೆಬಡಿತ ಇಳೀತಾ ಇದೆ, ಆಪರೇಷನ್ ಮಾಡಬೇಕು ಅಂದರು. ಸಹಿ ಹಾಕಿದೆ. ಥಿಯೇಟರಿನಲ್ಲಿ ಟೇಬಲ್ ಅಂಚಿಗೆ ಕೂರಿಸಿ "ಬೆಕ್ಕಿನ ಥರ ಬೆನ್ನು ಬಾಗಿಸು" ಅಂದರು. ಅಷ್ಟು ದೊಡ್ಡ ಹೊಟ್ಟೆ ಇಟ್ಟುಕೊಂಡು, ನೋವು ಬರ್ತಿರುವಾಗ, ಹೇಗೆ ಬಾಗೋದು? ಯಾರಾದರೂ ಎದುರು ನಿಂತು ಹೆಗಲು ಹಿಡಿದುಕೊಂಡರೆ ಬಾಗಬಹುದು. ನನ್ನ ಹೆಗಲನ್ನು ಯಾರೂ ಹಿಡಿಯಲಿಲ್ಲ. "ಅಲುಗಾಡಬೇಡ, ಸೂಜಿ ಮುರಿದರೆ ನಾವು ಜವಾಬ್ದಾರಿ ಅಲ್ಲ" ಅನ್ನೋ ದನಿ ಮಾತ್ರ ಹಿಂದಿನಿಂದ ಬರ್ತಿತ್ತು.

ಇಂಜೆಕ್ಷನ್ ಆಯ್ತು. ಕಾಲು ಬಿಸಿಯಾಯ್ತು, ಆಮೇಲೆ ಇಲ್ಲವೇ ಇಲ್ಲ ಅನ್ನೋ ಹಾಗಾಯ್ತು. ಅಂಗಾತ ಮಲಗಿಸಿದರು. ಎಡಗೈ ಒಂದು ಹಲಗೆ ಮೇಲೆ, ಬಲಗೈ ಇನ್ನೊಂದು ಹಲಗೆ ಮೇಲೆ. ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಮಣಿಕಟ್ಟು ಬಿಗಿದರು. ಎದೆ ಮುಂದೆ ಹಸಿರು ಬಟ್ಟೆ ಬಂತು. ಎರಡು ನಿಮಿಷ ಆಗಿರಬಹುದು. ಕಿವಿಯಲ್ಲಿ ಗುಂಯ್ ಅಂತ ಶುರುವಾಯ್ತು. ಮೇಲಿನ ಲೈಟು ದೂರ ಹೋದ ಹಾಗೆ ಕಾಣಿಸ್ತು. ಎದೆ ಮೇಲೆ ಯಾರೋ ಕೂತ ಹಾಗೆ. "ಡಾಕ್ಟ್ರೇ, ಉಸಿರು ಕಟ್ತಾ ಇದೆ, ಏನೋ ಆಗ್ತಾ ಇದೆ" ಅಂದೆ. "ಸುಮ್ನೆ ಮಲಕ್ಕೊಳ್ಳಮ್ಮ, ಎಲ್ಲರಿಗೂ ಹಂಗೇ ಆಗೋದು." ವಾಂತಿ ಬಂತು. ಕತ್ತು ತಿರುಗಿಸಿದೆ, ಕೈ ಇಲ್ಲ ಒರೆಸಿಕೊಳ್ಳೋಕೆ. ವಾಂತಿ ಕಿವಿ ಹಿಂದೆ, ಕೂದಲೊಳಗೆ ಇಳೀತು. ನಾನು ಸಾಯ್ತಾ ಇದ್ದೀನಿ, ಇವರಿಗೆ ಗೊತ್ತಾಗ್ತಿಲ್ಲ ಅಂತ ಅನ್ನಿಸ್ತು.

ಆಗ ಬಾಗಿಲ ಹತ್ತಿರ ನಿಂತಿದ್ದ ಆಯಮ್ಮ, ನೆಲ ಒರೆಸೋಕೆ, ರಕ್ತದ ಬಟ್ಟೆ ಎತ್ತೋಕೆ ಇದ್ದ ಹೆಂಗಸು, ಮೆಲ್ಲಗೆ ಅಂದಳು: "ಮೇಡಂ, ಈಯಮ್ಮಂಗೆ ಸೊಂಟದ ಬಟ್ಟೆ ಇಟ್ಟಿಲ್ಲ."

ಅಷ್ಟೇ. ಎಲ್ಲರೂ ಒಮ್ಮೆಲೇ ಅಲುಗಾಡಿದರು. ಯಾರೋ ನನ್ನ ಬಲ ಸೊಂಟ ಎತ್ತಿ ಮಡಿಸಿದ ಬೆಡ್‌ಶೀಟ್ ತುರುಕಿದರು. ಇನ್ನೊಬ್ಬರು ಹೊಟ್ಟೆಯನ್ನು ಕೈಯಿಂದ ಎಡಕ್ಕೆ ಒತ್ತಿ ಹಿಡಿದರು. ಡ್ರಿಪ್ಪಿಗೆ ಏನೋ ಔಷಧಿ ಹಾಕಿದರು. ಸ್ವಲ್ಪ ಹೊತ್ತಿಗೆ ಲೈಟು ವಾಪಸ್ ಹತ್ತಿರ ಬಂತು. ಮಗಳು ಹುಟ್ಟಿದಳು, ಅತ್ತಳು. ಆಯಮ್ಮನಿಗೆ ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಮೂರನೇ ದಿನ ವಾರ್ಡಿನಲ್ಲಿ ನಾನೇ ಹುಡುಕಿ ಮಾತಾಡಿಸಿದೆ. ನಮ್ಮ ಕೇರಿಯವಳೇ, ಪಕ್ಕದ ಹೋಬಳಿ. "ಹಳೇ ಡಾಕ್ಟ್ರಮ್ಮ ಒಬ್ಬರು ಹೇಳ್ಕೊಟ್ಟಿದ್ರು ಕಣವ್ವ. ಈಗಿನೋರು ಒಂದೊಂದು ಸಲ ಮರೀತಾರೆ. ಯಾವಾಗ್ಲೂ ಹೇಳಕ್ಕಾಗಲ್ಲ, ಬೈತಾರೆ" ಅಂದಳು. ಹದಿನೆಂಟು ವರ್ಷ ಹೊರಗುತ್ತಿಗೆಯಲ್ಲಿ ದುಡಿದ ಹೆಂಗಸು ಅವಳು. ಅವಳಿಗೆ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳೋ ಅಧಿಕಾರ ಮಾತ್ರ ಅವಳಿಗೆ ಇರಲಿಲ್ಲ.

ಈಗ ಆ ಬಟ್ಟೆಯ ವಿಜ್ಞಾನ. ಇದು ಡಾಕ್ಟರಿಕೆ ವಿಷಯ ಅಂದಿರಲ್ಲ, ಡಾಕ್ಟರಿಕೆ ವಿಷಯವನ್ನೇ ಹೇಳ್ತೀನಿ.

ಕಾಲಿನಿಂದ, ಕೆಳಹೊಟ್ಟೆಯಿಂದ ರಕ್ತವನ್ನು ವಾಪಸ್ ಹೃದಯಕ್ಕೆ ಒಯ್ಯೋ ದೊಡ್ಡ ರಕ್ತನಾಳ ಬೆನ್ನುಮೂಳೆಯ ಬಲ ಪಕ್ಕದಲ್ಲಿ ಇದೆ. ಗೋಡೆ ತೆಳು, ಒತ್ತಿದರೆ ಕುಗ್ಗಿಬಿಡುತ್ತೆ. ದಿನ ತುಂಬಿದ ಗರ್ಭಕೋಶ ಅಂದರೆ ಮಗು, ನೀರು, ಮಾಸು ಎಲ್ಲ ಸೇರಿ ಕೆಜಿಗಟ್ಟಲೆ ಭಾರ. ತಾಯಿ ಅಂಗಾತ ಮಲಗಿದರೆ ಆ ಭಾರವೆಲ್ಲ ಆ ನಾಳದ ಮೇಲೆ ಕೂರುತ್ತೆ. ಹೃದಯಕ್ಕೆ ವಾಪಸ್ ಬರೋ ರಕ್ತ ಕಡಿಮೆಯಾದರೆ ಹೃದಯ ಹೊರಗೆ ಕಳಿಸೋ ರಕ್ತವೂ ಕಡಿಮೆ. ಬಿಪಿ ಇಳಿಯುತ್ತೆ. ಬೆನ್ನಿಗೆ ಕೊಡೋ ಇಂಜೆಕ್ಷನ್ ಕೂಡ ರಕ್ತನಾಳಗಳನ್ನು ಸಡಿಲ ಮಾಡಿ ಬಿಪಿ ಇಳಿಸುತ್ತೆ. ಎರಡೂ ಒಟ್ಟಿಗೆ ಸೇರಿದಾಗ ತಾಯಿಗೆ ತಲೆಸುತ್ತು, ವಾಂತಿ, ಉಸಿರು ಕಟ್ಟುವಿಕೆ, ಕಣ್ಣು ಕತ್ತಲೆ. ಮಾಸಿಗೆ ಹೋಗೋ ರಕ್ತ ಕಡಿಮೆಯಾಗಿ ಮಗುವಿಗೂ ತೊಂದರೆ. ನನ್ನ ಮಗಳ ಎದೆಬಡಿತ ಮೊದಲೇ ಇಳಿದಿತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಪರಿಹಾರ ಏನು? ಟೇಬಲನ್ನು ಎಡಕ್ಕೆ ಸುಮಾರು 15 ಡಿಗ್ರಿ ಓರೆ ಮಾಡೋದು. ಇಲ್ಲವೇ ಬಲ ಸೊಂಟದ ಕೆಳಗೆ ಒತ್ತು ಕೊಟ್ಟು ಹೊಟ್ಟೆ ಎಡಕ್ಕೆ ವಾಲೋ ಹಾಗೆ ಮಾಡೋದು. ಅದೂ ಆಗಲಿಲ್ಲವಾ, ಮಗು ಹೊರಬರೋ ತನಕ ಒಬ್ಬರು ಕೈಯಿಂದ ಗರ್ಭಕೋಶವನ್ನು ಎಡಕ್ಕೆ ಸರಿಸಿ ಹಿಡಿಯೋದು. ದಿನ ತುಂಬಿದ ಬಸುರಿಯ ಹೃದಯ ನಿಂತು ಎದೆ ಒತ್ತುವ ಪರಿಸ್ಥಿತಿ ಬಂದರೂ ಒಬ್ಬರು ಹೊಟ್ಟೆಯನ್ನು ಎಡಕ್ಕೆ ಸರಿಸಿ ಹಿಡಿಯಬೇಕು ಅಂತ ನಿಯಮ ಇದೆ. ಅರ್ಧ ಶತಮಾನದಿಂದ ಪುಸ್ತಕದಲ್ಲಿ ಇರೋ ಪಾಠ ಇದು. 2018ರಲ್ಲಿ ಬಿಪಿ ನಿಭಾಯಿಸೋದರ ಬಗ್ಗೆ ಬಂದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಕೂಡ ಔಷಧಿ, ದ್ರವದ ಜೊತೆಗೆ ಗರ್ಭಕೋಶವನ್ನು ಎಡಕ್ಕೆ ಸರಿಸಬೇಕು ಅಂತಲೇ ಹೇಳುತ್ತೆ. ನಾನು ಹೊಸದೇನೂ ಕೇಳ್ತಾ ಇಲ್ಲ.

ಒಬ್ಬ ಡಾಕ್ಟರ್ ಗೆಳೆಯರು ಇದನ್ನು ಓದಿದರೆ ಒಂದು ಮಾತು ಎತ್ತೇ ಎತ್ತುತ್ತಾರೆ, ಅದನ್ನೂ ಹೇಳಿಬಿಡ್ತೀನಿ. ಹೊಸ ಅಧ್ಯಯನಗಳು ಈ 15 ಡಿಗ್ರಿಯನ್ನು ಪ್ರಶ್ನೆ ಮಾಡಿವೆ. 2015ರಲ್ಲಿ ಜಪಾನಿನಲ್ಲಿ ಬಸುರಿಯರನ್ನು ಎಂಆರ್‌ಐ ಮಾಡಿ ನೋಡಿದಾಗ 15 ಡಿಗ್ರಿಗೆ ಆ ನಾಳ ಹೆಚ್ಚು ತೆರೆದುಕೊಳ್ಳಲಿಲ್ಲ, 30 ಡಿಗ್ರಿಗೆ ತೆರೆದುಕೊಂಡಿತು. 2017ರಲ್ಲಿ ಅಮೆರಿಕದಲ್ಲಿ ನೂರು ಆರೋಗ್ಯವಂತ ತಾಯಂದಿರ ಮೇಲೆ ನಡೆದ ಅಧ್ಯಯನದಲ್ಲಿ, ಬಿಪಿ ಇಳಿಯದ ಹಾಗೆ ಔಷಧಿಯನ್ನು ಎಡೆಬಿಡದೆ ಹರಿಸ್ತಾ ಇದ್ದರೆ ಚಪ್ಪಟೆ ಮಲಗಿಸಿದರೂ ಮಗುವಿಗೆ ವ್ಯತ್ಯಾಸ ಕಾಣಲಿಲ್ಲ. ಚಪ್ಪಟೆ ಮಲಗಿದವರಿಗೆ ಔಷಧಿ ಮಾತ್ರ ಹೆಚ್ಚು ಬೇಕಾಯ್ತು. ಒಪ್ಪಿದೆ. ಆದರೆ ಆ ತಾಯಂದಿರು ಮೊದಲೇ ದಿನ ಗೊತ್ತು ಮಾಡಿಕೊಂಡು ಬಂದ ಆರೋಗ್ಯವಂತರು. ನಮ್ಮ ಹೆಂಗಸು ರಕ್ತಹೀನತೆ ಇಟ್ಟುಕೊಂಡು, ರಾತ್ರಿಯೆಲ್ಲ ನೋವು ತಿಂದು, ಎರಡು ಆಸ್ಪತ್ರೆಯಿಂದ ರೆಫರ್ ಆಗಿ ಬಂದಿರ್ತಾಳೆ. ಔಷಧಿಯನ್ನು ಎಡೆಬಿಡದೆ ಹರಿಸೋ ಪಂಪು ನಿಮ್ಮ ಥಿಯೇಟರಿನಲ್ಲಿ ಇದೆಯಾ? ಇದ್ದರೆ ಕೆಲಸ ಮಾಡ್ತಾ ಇದೆಯಾ? ನಿಮಿಷ ನಿಮಿಷಕ್ಕೆ ಬಿಪಿ ನೋಡೋಕೆ ಒಬ್ಬರು ಇದ್ದಾರಾ? ಪಂಪು ಇಲ್ಲದ ಕಡೆ ಬಟ್ಟೆಯನ್ನೂ ಬಿಟ್ಟರೆ ಉಳಿಯೋದು ಏನು? ಇನ್ನೊಂದು ಮಾತು. ಕಣ್ಣಂದಾಜಿನಲ್ಲಿ ಓರೆ ಮಾಡಿದರೆ 15 ಡಿಗ್ರಿ ಕೂಡ ಆಗಿರೋದಿಲ್ಲ ಅಂತ ಅಳತೆ ಮಾಡಿ ನೋಡಿದವರು ಕಂಡುಕೊಂಡಿದ್ದಾರೆ. ಹಾಗಾಗಿ "ನಾವು ಇಡ್ತೀವಿ ಬಿಡಿ" ಅಂದರೆ ಸಾಲದು, ಎಷ್ಟು ಓರೆ ಆಯ್ತು, ತಾಯಿ ಏನಂದಳು ಅಂತ ನೋಡಬೇಕು.

ಕೈ ವಿಷಯಕ್ಕೆ ಬರ್ತೀನಿ. ಟೇಬಲ್ ಓರೆ ಮಾಡಿದಾಗ ಜಾರಿ ಬೀಳದಿರಲಿ ಅಂತ ತೊಡೆ ಮೇಲೆ ಪಟ್ಟಿ ಹಾಕೋದು ಸುರಕ್ಷತೆ, ಅದು ಬೇಕು. ಕೈಗಳನ್ನು ಹಲಗೆ ಮೇಲೆ ಇಡೋದಕ್ಕೂ ಕಾರಣ ಇದೆ: ಒಂದರಲ್ಲಿ ಡ್ರಿಪ್, ಇನ್ನೊಂದರಲ್ಲಿ ಬಿಪಿ ಪಟ್ಟಿ. ಆದರೆ ಕೈಯನ್ನು 90 ಡಿಗ್ರಿಗಿಂತ ಹೆಚ್ಚು ಚಾಚಿದರೆ ಕತ್ತಿನಿಂದ ತೋಳಿಗೆ ಹೋಗೋ ನರಗಳು ಎಳೆದುಕೊಳ್ಳುತ್ತವೆ ಅಂತ ಥಿಯೇಟರಿನ ಪಾಠವೇ ಹೇಳುತ್ತೆ. ಮತ್ತೆ ಮಣಿಕಟ್ಟು ಕಟ್ಟೋದು ಯಾಕೆ? "ಆಪರೇಷನ್ ಜಾಗ ಮುಟ್ಟಿಬಿಡ್ತಾರೆ" ಅಂತಾರೆ. ಅವಳು ಎಚ್ಚರವಾಗಿದ್ದಾಳೆ ಸ್ವಾಮಿ. ಬೆನ್ನಿನ ಇಂಜೆಕ್ಷನ್ ಸೊಂಟದ ಕೆಳಗನ್ನು ಮರಗಟ್ಟಿಸುತ್ತೆ, ತಲೆಯನ್ನಲ್ಲ. "ಅಮ್ಮಾ, ಕೈ ಹೀಗೇ ಇರಲಿ, ಬಟ್ಟೆ ಆ ಕಡೆ ಮುಟ್ಟಬೇಡಿ" ಅಂದರೆ ಅವಳಿಗೆ ಅರ್ಥ ಆಗುತ್ತೆ. ಮಾತಿನಲ್ಲಿ ಆಗೋ ಕೆಲಸಕ್ಕೆ ಹಗ್ಗ ತೆಗೆಯೋದು ಯಾವಾಗ? ಎದುರಿಗಿರೋರಿಗೆ ಮಾತು ಅರ್ಥ ಆಗಲ್ಲ ಅಂತ ಮೊದಲೇ ತೀರ್ಮಾನ ಮಾಡಿದಾಗ. ದುಡ್ಡು ಕೊಟ್ಟು ಬಂದವರಿಗೆ ಕೆಲವು ಆಸ್ಪತ್ರೆಗಳಲ್ಲಿ ಗಂಡನನ್ನು ಪಕ್ಕದಲ್ಲೇ ಕೂರಿಸ್ತಾರೆ, ಪರದೆ ಇಳಿಸಿ ಮಗು ತೋರಿಸ್ತಾರೆ, ಮಗುವನ್ನು ಅಲ್ಲೇ ತಾಯಿ ಎದೆ ಮೇಲೆ ಮಲಗಿಸ್ತಾರೆ. ಆಗ ಅವಳ ಕೈ ಸೋಂಕು ತರಲ್ಲವಂತೆ. ನಮ್ಮ ಕೈ ಮಾತ್ರ ತರುತ್ತಂತೆ.

ಇಲ್ಲಿಂದ ಮುಂದಿನದು ಜಾತಿಯ ಮಾತು. "ಇದರಲ್ಲಿ ಜಾತಿ ಎಲ್ಲಿಂದ ಬಂತು" ಅನ್ನೋರಿಗಾಗಿ.

ಸೂತಕ, ಪುರುಡು, ಮೈಲಿಗೆ ಅಂತ ಹೆರಿಗೆಯನ್ನು ದೂರ ಇಟ್ಟಿದ್ದ ಊರು ಅದನ್ನು ಯಾರ ಕೈಗೆ ಕೊಟ್ಟಿತ್ತು? ದೇಶದ ಎಷ್ಟೋ ಕಡೆ ಹೊಕ್ಕುಳಬಳ್ಳಿ ಕತ್ತರಿಸಿದ್ದು, ಮಾಸು ಹೂತಿದ್ದು, ರಕ್ತದ ಬಟ್ಟೆ ಒಗೆದದ್ದು ನಮ್ಮ ಅಜ್ಜಿಯರು. ನಮ್ಮ ರಾಜ್ಯದಲ್ಲೇ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಓದು ಬರಹ ಇಲ್ಲದ ಆ ತಾಯಿ ಸಾವಿರಾರು ಹೆರಿಗೆ ಮಾಡಿಸಿದ್ದರು. ನಾನು ಹಳೇ ಕಾಲವನ್ನು ಹಾಡಿ ಹೊಗಳ್ತಾ ಇಲ್ಲ. ಆ ಕಾಲದಲ್ಲಿ ಅಡ್ಡ ಸಿಕ್ಕಿದ ಮಗುವಿನ ಜೊತೆ ತಾಯಿಯೂ ಸಾಯ್ತಿದ್ದಳು. ಸಿಸೇರಿಯನ್ ಇಲ್ಲದಿದ್ದರೆ ಇವತ್ತು ನಾನೂ ಇರ್ತಿರಲಿಲ್ಲ, ನನ್ನ ಮಗಳೂ ಇರ್ತಿರಲಿಲ್ಲ. ನಾನು ಹೇಳೋದು ಬೇರೆ. ಹೆರಿಗೆ ಮೈಲಿಗೆಯಾಗಿದ್ದಾಗ ಅದು ನಮ್ಮ ಕೈಲಿತ್ತು. ಅದಕ್ಕೆ ಡಿಗ್ರಿ, ಸಂಬಳ, ಏರ್‌ ಕಂಡೀಷನ್ ಬಂದ ಮೇಲೆ ನಮ್ಮ ಕೈಗೆ ಉಳಿದದ್ದು ನೆಲ ಒರೆಸೋ ಬಟ್ಟೆ. ಆ ಥಿಯೇಟರಿನಲ್ಲಿ ಇಬ್ಬರು ದಲಿತ ಹೆಂಗಸರು ಇದ್ದೆವು. ಒಬ್ಬಳು ಟೇಬಲ್ ಮೇಲೆ ಕಟ್ಟಿಹಾಕಿಸಿಕೊಂಡು, ಇನ್ನೊಬ್ಬಳು ಬಾಗಿಲ ಹತ್ತಿರ ಬಕೆಟ್ ಹಿಡಿದು. ಏನಾಗ್ತಿದೆ ಅಂತ ಮೊದಲು ಗೊತ್ತಾದದ್ದು ನಮ್ಮಿಬ್ಬರಿಗೇ. ಮಾತಿಗೆ ಬೆಲೆ ಇಲ್ಲದಿದ್ದದ್ದೂ ನಮ್ಮಿಬ್ಬರದೇ.

ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಓದಿದವರಿಗೆ ಕಾಠಿಯಾವಾಡದ ಆ ಶಾಲಾ ಮೇಷ್ಟ್ರ ಹೆಂಡತಿಯ ಕತೆ ನೆನಪಿರಬೇಕು. 1929ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬಂದ ಪತ್ರ ಅದು. ಬಾಣಂತಿ ಕಾಯಿಲೆ ಬಿದ್ದಿದ್ದಾಳೆ. ಡಾಕ್ಟರ್ ಕೇರಿಗೆ ಬರಲ್ಲ ಅಂದ. ಊರಿನ ದೊಡ್ಡವರನ್ನು ಹಿಡಿದು, ಫೀಸು ಕೊಟ್ಟು ಒಪ್ಪಿಸಿದ ಮೇಲೆ, ಎರಡು ದಿನದ ಹಸಿ ಬಾಣಂತಿಯನ್ನು ಕೇರಿಯಿಂದ ಹೊರಗೆ ತರಿಸಿದ. ಥರ್ಮಾಮೀಟರನ್ನು ತನ್ನ ಕೈಯಿಂದ ಕೊಡಲಿಲ್ಲ. ಒಬ್ಬ ಮುಸ್ಲಿಂ ವ್ಯಕ್ತಿಗೆ ಕೊಟ್ಟು, ಅವನಿಂದ ಗಂಡನಿಗೆ, ಗಂಡನಿಂದ ಹೆಂಡತಿಗೆ. ವಾಪಸ್ಸೂ ಅದೇ ದಾರಿ. ದೂರದಿಂದಲೇ ನೋಡಿ ಔಷಧಿ ಹೇಳಿ ಹೋದ. ಅವಳು ಸತ್ತಳು. ಆ ಡಾಕ್ಟರಿಗೆ ವಿದ್ಯೆ ಇರಲಿಲ್ಲವಾ? ಇತ್ತು. ಬಾಣಂತಿಯನ್ನು ಮುಟ್ಟಲು, ಅವಳ ಹತ್ತಿರ ಬಾಗಲು, ಅವಳು ಏನು ಹೇಳ್ತಾಳೆ ಅಂತ ಕೇಳಲು ಜಾತಿ ಬಿಡಲಿಲ್ಲ. ಇವತ್ತು ಕೈಗವಸು ಇದೆ, ಮುಟ್ತಾರೆ. ಕೇಳಿಸಿಕೊಳ್ಳೋದಕ್ಕೆ ಇನ್ನೂ ಕೈಗವಸು ಬಂದಿಲ್ಲ.

ಹೆಂಗಸರನ್ನು ಟೇಬಲ್ ಮೇಲೆ ಹೇಗೆ ಮಲಗಿಸಬೇಕು ಅನ್ನೋ ವಿದ್ಯೆಯ ಒಂದು ಪಾಲು ಯಾರ ಮೈಮೇಲೆ ಕಲಿತದ್ದು ಅಂತಲೂ ಗೊತ್ತಿರಲಿ. ಎಡ ಮಗ್ಗುಲಾಗಿ ಮಲಗಿಸಿ ಪರೀಕ್ಷೆ ಮಾಡೋ ಒಂದು ಭಂಗಿಗೆ ವೈದ್ಯ ಪುಸ್ತಕದಲ್ಲಿ ‘ಸಿಮ್ಸ್ ಪೊಸಿಷನ್’ ಅಂತ ಹೆಸರು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಟ್ರೇಯಲ್ಲೂ ‘ಸಿಮ್ಸ್ ಸ್ಪೆಕ್ಯುಲಂ’ ಇರುತ್ತೆ. ಆ ಸಿಮ್ಸ್ ಅನ್ನೋ ಅಮೆರಿಕದ ಡಾಕ್ಟರ್ 1845ರಿಂದ 1849ರವರೆಗೆ ಅಲಬಾಮಾದಲ್ಲಿ ಗುಲಾಮ ಕಪ್ಪು ಹೆಂಗಸರ ಮೇಲೆ ಅರಿವಳಿಕೆ ಕೊಡದೆ ಆಪರೇಷನ್ ಮೇಲೆ ಆಪರೇಷನ್ ಮಾಡಿದ. ಅನಾರ್ಕಾ, ಬೆಟ್ಸಿ, ಲೂಸಿ ಅನ್ನೋ ಮೂರು ಹೆಸರು ಮಾತ್ರ ಉಳಿದಿವೆ. ಅನಾರ್ಕಾ ಒಬ್ಬಳ ಮೇಲೇ ಸುಮಾರು ಮೂವತ್ತು ಸಲ. ಕಪ್ಪು ಜನರ ಹೋರಾಟದಿಂದ 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಅವನ ಪ್ರತಿಮೆ ತೆಗೆದರು. ಅಲ್ಲಿ ಅದು ಚಳವಳಿಯ ವಿಷಯ ಆಯ್ತು. ನಮ್ಮ ಸಭೆಯಲ್ಲಿ ನಗೆಯ ವಿಷಯ ಆಯ್ತು.

ಎಷ್ಟು ಜನರ ವಿಷಯ ಇದು? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಬೇಡದ ಕಡೆ ಕೊಯ್ಯೋದು, ಬೇಕಾದ ಕಡೆ ಸಿಗದಿರೋದು, ಅದು ಬೇರೆಯೇ ಜಗಳ. ಇಲ್ಲಿ ಹೇಳೋದು ಇಷ್ಟೇ: ಮೂರರಲ್ಲಿ ಒಬ್ಬ ತಾಯಿ ಆ ಟೇಬಲ್ ಹತ್ತುತ್ತಾಳೆ. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ 19 ತಾಯಂದಿರು ಸತ್ತರೆ ನಮ್ಮಲ್ಲಿ 69. ದಕ್ಷಿಣದ ರಾಜ್ಯಗಳಲ್ಲೇ ನಾವು ಹಿಂದೆ. ಸೊಂಟದ ಬಟ್ಟೆ ಒಂದರಿಂದ ಈ ಸಾವೆಲ್ಲ ನಿಲ್ಲುತ್ತೆ ಅಂತ ನಾನು ಹೇಳಲ್ಲ. ರಕ್ತಸ್ರಾವ, ಬಿಪಿ, ನಂಜು, ತಡವಾಗಿ ರೆಫರ್ ಮಾಡೋದು, ಕಾರಣ ಬೇಕಾದಷ್ಟಿವೆ. ಆದರೆ ಪುಕ್ಕಟೆ ಸಿಗೋ ಕೆಲಸವನ್ನೇ ಮಾಡದ ಕಡೆ ದುಬಾರಿ ಕೆಲಸ ಮಾಡ್ತಾರೆ ಅಂತ ಹೇಗೆ ನಂಬೋದು?

2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲ ಅಂತ ವಾಪಸ್ ಕಳಿಸಿದ ಬಸುರಿ ಮನೆಯಲ್ಲೇ ಹೆತ್ತು ಎರಡು ಹಸುಗೂಸುಗಳ ಜೊತೆ ಸತ್ತಳು. ನಾವು ಬೀದಿಗೆ ಇಳಿದೆವು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತು, ಕೊಟ್ಟ ಐವಿ ದ್ರಾವಣದ ಮೇಲೆ ಅನುಮಾನ ಬಂದು, ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು. ಆಗಲೂ ಬೀದಿಗೆ ಇಳಿದೆವು. ಇಳಿಯಲೇಬೇಕಿತ್ತು. ಹೆಣ ಬಿದ್ದಾಗ ನಾವು ಸರಿಯಾಗಿ ಬರ್ತೀವಿ. ನನ್ನ ಪ್ರಶ್ನೆ, ಸಾಯದೇ ಉಳಿದವರ ಬಗ್ಗೆ ನಮ್ಮ ಮನವಿಪತ್ರದಲ್ಲಿ ಒಂದು ಸಾಲೂ ಯಾಕಿಲ್ಲ?

ಡಾಕ್ಟರುಗಳ ಕಷ್ಟ ನನಗೆ ಗೊತ್ತು. ಒಬ್ಬರೇ ಅರಿವಳಿಕೆ ತಜ್ಞರು, ಅವರಿಗೇ ದಿನಕ್ಕೆ ಸಾಲು ಸಾಲು ಕೇಸು, ರಾತ್ರಿ ಡ್ಯೂಟಿ, ಏನಾದರೂ ಆದರೆ ಜನ ಹೊಡೆಯೋಕೆ ಬರ್ತಾರೆ. ಹುದ್ದೆ ತುಂಬಿ ಅಂತ ನಾವು ಕೇಳ್ತಿರೋದೂ ಅದಕ್ಕೇ. ಆದರೆ ಬಟ್ಟೆ ಮಡಿಸೋಕೆ ಎಷ್ಟು ಹೊತ್ತು ಬೇಕು? "ಈಗ ಸ್ವಲ್ಪ ತಲೆ ಸುತ್ತಬಹುದು, ಹಾಗಾದರೆ ತಕ್ಷಣ ಹೇಳಿ" ಅನ್ನೋಕೆ ಎಷ್ಟು ಹೊತ್ತು ಬೇಕು? ಕೆಲಸದ ಒತ್ತಡದಲ್ಲಿ ಮರೆತುಹೋಗೋದು ಯಾವುದು ಅಂತ ನೋಡಿ. ಸಹಿ ತಗೊಳ್ಳೋದು ಮರೆಯಲ್ಲ. ಜಾತಿ ಕೇಳೋದು ಮರೆಯಲ್ಲ. ನನ್ನ ತಾಯಿ ಕಾರ್ಡಿನಲ್ಲಿ ನನ್ನ ಜಾತಿಗೆ ಒಂದು ಕಾಲಂ ಇತ್ತು. ನನ್ನ ಮಗ್ಗುಲಿಗೆ ಎಲ್ಲೂ ಒಂದು ಕಾಲಂ ಇರಲಿಲ್ಲ.

ಇನ್ನು ಸಂಘಟನೆಯ ವಿಷಯ ಅಲ್ಲ ಅಂದ ನನ್ನ ಹಿರಿಯರಿಗೆ. ಅಣ್ಣಾ, 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಎತ್ತಿದ್ದು ಒಂದು ಬೊಗಸೆ ನೀರು. ಅವತ್ತೂ ನಕ್ಕವರು ಇದ್ದಿರಬೇಕು, ನೀರು ಕುಡಿಯೋದೂ ಒಂದು ಹೋರಾಟವಾ ಅಂತ. 1928ರಲ್ಲಿ ಅದೇ ಬಾಬಾಸಾಹೇಬರು ಮುಂಬಯಿ ಶಾಸನ ಪರಿಷತ್ತಿನಲ್ಲಿ ಎದ್ದು ನಿಂತು ಕಾರ್ಖಾನೆ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆ ಪರವಾಗಿ ಮಾತಾಡಿದರು. ಹೆರಿಗೆ ಹೆಂಗಸರ ಮನೆಪಾಡು ಅಂತ ಅವರು ಬಿಡಲಿಲ್ಲ. ಅವರ ಫೋಟೋ ಕೆಳಗೆ ಕೂತು ನಾವು ಬಿಡೋದು ಹೇಗೆ?

ನಾನೂ ಬಿಟ್ಟಿದ್ದೆ ಅನ್ನೋದೇ ಈ ಪೋಸ್ಟಿಗೆ ಕಾರಣ. ಹೋದ ತಿಂಗಳು ನನ್ನ ತಂಗಿಗೆ ಸಿಸೇರಿಯನ್ ಆಯ್ತು. ಬೇರೆ ಊರು, ಬೇರೆ ಆಸ್ಪತ್ರೆ. ಮಗು ಚೆನ್ನಾಗಿದೆ, ಅವಳೂ ಚೆನ್ನಾಗಿದ್ದಾಳೆ ಅಂತ ಎಲ್ಲರೂ ಹೇಳ್ತಾರೆ. ಹತ್ತು ದಿನ ಆದ ಮೇಲೆ ರಾತ್ರಿ ಮಗುವಿಗೆ ಹಾಲು ಕೊಡ್ತಾ ಹೇಳಿದಳು: "ಅಕ್ಕಾ, ಉಸಿರಾಡಕ್ಕೆ ಆಗ್ತಿಲ್ಲ ಅಂದೆ. ನಾಟಕ ಆಡಬೇಡ ಅಂದ್ರು. ಕೈ ಬಿಚ್ಚಿ ಅಂದೆ. ಬಿಚ್ಚಲಿಲ್ಲ. ಈಗಲೂ ಅಂಗಾತ ಮಲಗಿದ್ರೆ ಎದ್ದು ಕೂರ್ತೀನಿ." ನನಗೆ ಎಲ್ಲ ಗೊತ್ತಿತ್ತು. ಅವಳನ್ನು ಆಸ್ಪತ್ರೆಗೆ ಕಳಿಸೋವಾಗ ಬ್ಯಾಗಿಗೆ ಬಟ್ಟೆ, ಫ್ಲಾಸ್ಕು, ಆಧಾರ್ ಜೆರಾಕ್ಸ್ ಎಲ್ಲ ತುಂಬಿಕೊಟ್ಟಿದ್ದೆ. ಈ ಒಂದು ಮಾತು ಹೇಳಿಕೊಟ್ಟಿರಲಿಲ್ಲ. ನಾಚಿಕೆ. ವೇದಿಕೆ ಮೇಲೆ ಸಂವಿಧಾನದ ಬಗ್ಗೆ ಗಂಟೆಗಟ್ಟಲೆ ಮಾತಾಡೋಳು ನಾನು, ನನ್ನ ಮೈಮೇಲೆ ಆದದ್ದನ್ನು ತಂಗಿಗೂ ಹೇಳಿರಲಿಲ್ಲ.

ಹಾಗಾಗಿ ಮುಂದಿನ ಸಭೆಗೆ ಮನವಿಪತ್ರದ ಆರನೇ ಅಂಶವನ್ನು ನಾನೇ ಬರೆದು ತರ್ತೀನಿ. ಇಲ್ಲೇ ಓದಿಕೊಳ್ಳಿ:

1. ಪ್ರತಿ ಸಿಸೇರಿಯನ್ನಿನಲ್ಲಿ ಮಗು ಹೊರಬರೋ ತನಕ ತಾಯಿಯ ಹೊಟ್ಟೆ ಎಡಕ್ಕೆ ಇರಬೇಕು. ಟೇಬಲ್ ಓರೆ, ಸೊಂಟದ ಒತ್ತು, ಕೈಯಿಂದ ಸರಿಸೋದು, ಯಾವುದನ್ನು ಮಾಡಿದರು ಅಂತ ಕೇಸ್ ಶೀಟಿನಲ್ಲಿ ಬರೆಯಬೇಕು.

2. ಇಂಜೆಕ್ಷನ್ ಕೊಟ್ಟ ಮೇಲೆ ಮಗು ಹುಟ್ಟೋ ತನಕ ನಿಮಿಷಕ್ಕೊಮ್ಮೆ ಬಿಪಿ ನೋಡಬೇಕು. ತಲೆಸುತ್ತು, ಉಸಿರುಕಟ್ಟು ಅಂತ ತಾಯಿ ಹೇಳಿದ್ದನ್ನು ಲಕ್ಷಣ ಅಂತ ಬರೆಯಬೇಕು, ನಾಟಕ ಅಂತ ಬೈಯಬಾರದು.

3. ಎಚ್ಚರವಿರೋ ತಾಯಿಯ ಮಣಿಕಟ್ಟು ಕಟ್ಟಬಾರದು. ಕೈಯನ್ನು ಅತಿಯಾಗಿ ಚಾಚಬಾರದು.

4. ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಎದುರು ಒಬ್ಬರು ಹೆಗಲು ಹಿಡಿದು ನಿಲ್ಲಬೇಕು. ಹೆರಿಗೆ ಸಮಯದಲ್ಲಿ ಜೊತೆಗೊಬ್ಬ ಹೆಂಗಸಿರಬಹುದು ಅಂತ ಕೇಂದ್ರ ಸರ್ಕಾರವೇ 2016ರಲ್ಲಿ ಹೇಳಿದೆ. ಥಿಯೇಟರ್ ಬಾಗಿಲಲ್ಲಿ ಆ ಮಾತು ಮುಗಿಯಬಾರದು.

5. 2017ರ ಡಿಸೆಂಬರಿನಲ್ಲಿ ಶುರುವಾದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಗೂ ಹೆರಿಗೆ ಆಪರೇಷನ್ ಥಿಯೇಟರಿಗೂ ಅನ್ವಯಿಸುತ್ತೆ, ಗೌರವದ ಆರೈಕೆ ಅದರ ಭಾಗ. ನಮ್ಮ ಆಸ್ಪತ್ರೆಯ ತಪಾಸಣೆ ನಡೆಯುವಾಗ ಟೇಬಲ್ ಮೇಲೆ ಮಲಗಿ ಬಂದ ತಾಯಂದಿರನ್ನೂ ಕೇಳಬೇಕು.

6. ಥಿಯೇಟರಿನಲ್ಲಿ ಯಾರೇ ಆಗಲಿ, ಡಿ ಗ್ರೂಪ್ ನೌಕರೆಯೂ ಸೇರಿ, "ಇದು ಬಿಟ್ಟುಹೋಗಿದೆ" ಅಂದರೆ ಕೇಳಬೇಕು. ಹೇಳಿದ್ದಕ್ಕೆ ಕೆಲಸ ಹೋಗಬಾರದು.

ಇದಕ್ಕೆ ಬೇಕಾದ ಬಜೆಟ್ಟು ಒಂದು ಬೆಡ್‌ಶೀಟು.

ದಿನ ತುಂಬಿರೋ ಅಕ್ಕತಂಗಿಯರಿಗೆ. ಮನವಿಪತ್ರ ಅಧಿಕಾರಿಯ ಮೇಜು ಮುಟ್ಟೋ ಹೊತ್ತಿಗೆ ನಿಮ್ಮ ಹೆರಿಗೆ ಆಗಿಹೋಗಿರುತ್ತೆ. ಅದಕ್ಕೇ ಈಗಲೇ ಬಾಯಿಪಾಠ ಮಾಡಿಕೊಳ್ಳಿ. ಟೇಬಲ್ ಮೇಲೆ ಮಲಗಿಸಿದ ತಕ್ಷಣ ಕೇಳಿ: "ಡಾಕ್ಟ್ರೇ, ಬಲ ಸೊಂಟದಡಿ ಬಟ್ಟೆ ಇಟ್ಟಿದ್ದೀರಾ?" ತಲೆ ಸುತ್ತಿದರೆ, ಕಿವಿ ಗುಂಯ್ ಅಂದರೆ, ವಾಂತಿ ಬಂದ ಹಾಗಾದರೆ ತಡೆದುಕೊಂಡು ಸುಮ್ಮನಿರಬೇಡಿ. ಜೋರಾಗಿ ಹೇಳಿ: "ನಂಗೆ ಬಿಪಿ ಇಳೀತಾ ಇದೆ ಅನ್ಸುತ್ತೆ, ಎಡಕ್ಕೆ ವಾಲಿಸಿ." ಕೈ ಕಟ್ಟೋಕೆ ಬಂದರೆ: "ನಾನು ಅಲುಗಾಡಿಸಲ್ಲ, ಕಟ್ಟಬೇಡಿ." ಬೈಯಬಹುದು, ಬೈಸಿಕೊಳ್ಳಿ. ಜೊತೆಗೆ ಹೋಗೋರು, ಅಮ್ಮಂದಿರು, ಗಂಡಂದಿರು, ಹಿಂದಿನ ದಿನವೇ ಡಾಕ್ಟರನ್ನು ಮರ್ಯಾದೆಯಿಂದ ಕೇಳಿ ಇಟ್ಟುಕೊಳ್ಳಿ. ಮೊದಲೇ ಕೇಳಿದರೆ ಮರೆಯೋರಿಗೂ ನೆನಪಿರುತ್ತೆ.

ಈ ನಾಡಿನಲ್ಲಿ ಮಡಿಬಟ್ಟೆಗೆ ಸಾವಿರ ವರ್ಷದ ನಿಯಮ ಇದೆ. ಯಾರು ಉಡಬೇಕು, ಯಾರು ಮುಟ್ಟಬಾರದು, ಎಲ್ಲಿ ಒಣಗಿಸಬೇಕು, ಒಂದನ್ನೂ ಯಾರೂ ಮರೆಯಲ್ಲ. ನಾನು ಕೇಳ್ತಿರೋದು ಮಡಿಸಿದ ಬಟ್ಟೆಗೆ ಒಂದು ನಿಯಮ.

ಮುಂದಿನ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಆ ಗೀರು ಇರೋ ಮೂವರೂ ಒಟ್ಟಿಗೆ ಎದ್ದು ನಿಲ್ಲೋಣ ಅಂತ ಮಾತಾಡಿಕೊಂಡಿದ್ದೇವೆ. ನನ್ನ ತಂಗಿಯೂ ಮಗು ಎತ್ತಿಕೊಂಡು ಬರ್ತೀನಿ ಅಂದಿದ್ದಾಳೆ. ಆ ಆಯಮ್ಮನ ಮನೆಗೂ ಹೋಗಿ ಕರೆದು ಬಂದಿದ್ದೀನಿ. ಈ ಸಲ ಮೊದಲ ಮಾತು ಅವಳದು. ನಗಬೇಕು ಅನ್ನೋರು ಅವಳ ಎದುರಿಗೆ ನಗಲಿ.

ಜೈ ಭೀಮ್.